ಬಹುಮಾನವಿಲ್ಲದ ಹಾಡುಗಾರಿಕೆ

ಪಾಠದ ಚಾಪೆಯ ಮೇಲೆ ಗುರುಗಳೆದುರು ಕುಳಿತು ಮೋಹನರಾಗದ ವರ್ಣವನ್ನು ಎರಡು ಕಾಲಗಳಲ್ಲಿಯೂ ನಿರಾಯಾಸವಾಗಿ ಹಾಡಬಲ್ಲ ಬಾಲಕಿಯೊಬ್ಬಳು, ನಾಲ್ಕು ಮಂದಿಯ ಮುಂದೆ ಬಂದೊಡನೆ ಪಲ್ಲವಿಯ ಮೊದಲ ಆವರ್ತದಲ್ಲಿಯೇ ಶ್ರುತಿ ತಪ್ಪಿ, ತೊಡೆಯ ಮೇಲೆ ತಾಳ ಹಾಕುತ್ತಿದ್ದ ಕೈಯನ್ನೂ ನಿಲ್ಲಿಸಿಬಿಡುವುದನ್ನು ಕಂಡ ಹಿರಿಯರು, 'ಇನ್ನೂ ಸಾಧನೆ ಸಾಲದು' ಎಂದು ತೀರ್ಪು ಕೊಡುವುದುಂಟು. ಈ ತೀರ್ಪಿಗೆ ನನ್ನ ಸಮ್ಮತಿಯಿಲ್ಲ. ಆ ಮಗುವಿನ ಸಾಧನೆಗೇನೂ ಕೊರತೆಯಿಲ್ಲ. ಸಭೆಯಲ್ಲಿ ಕುಳಿತು ಹಾಡುವ ರೂಢಿ ಮಾತ್ರ ಆಗಿಲ್ಲ. ಸರಳೆ, ಜಂಟಿ ವರಸೆಗಳನ್ನು ದಿನದಿನವೂ ತಿದ್ದಿ ತೀಡಿ ಕಲಿಸುವ ನಾವು, ಸಭಾಕಂಪವು ಮಾತ್ರ ವಯಸ್ಸಾದಂತೆ ತಾನಾಗಿಯೇ ತೊಲಗುವುದೆಂದು ಅದೇಕೆ ನಂಬಿ ಕುಳಿತಿರುವೆವೋ ತಿಳಿಯದು.

ನಮ್ಮ ಶಾಲೆಗಳಲ್ಲಿ ಹಾಡುವ ಮಗುವಿಗೆ ದೊರೆಯುವ ಸಂದರ್ಭಗಳೆಂದರೆ ವಾರ್ಷಿಕೋತ್ಸವದ ಪ್ರಾರ್ಥನೆ, ಅದು ಬಿಟ್ಟರೆ ಪ್ರತಿಭಾ ಕಾರಂಜಿ. ಮೊದಲನೆಯದರಲ್ಲಿ ಮುಖ್ಯ ಅತಿಥಿಗಳು ತಡವಾಗಿ ಬಂದ ಅವಸರದಲ್ಲಿ, ಮೈಕಿನ ಕಿರುಚಾಟದೊಡನೆ ಹೆಣಗುತ್ತ ಎರಡು ನಿಮಿಷ ಹಾಡಿ ಇಳಿಯಬೇಕು. ಎರಡನೆಯದರಲ್ಲಿ ಕ್ಲಸ್ಟರ್, ತಾಲ್ಲೂಕು, ಜಿಲ್ಲೆ, ರಾಜ್ಯವೆಂಬ ಮೆಟ್ಟಿಲುಗಳಿದ್ದು, ಬಹುಪಾಲು ಮಕ್ಕಳು ಮೊದಲ ಮೆಟ್ಟಿಲಿನಿಂದಲೇ ಮನೆಗೆ ಹಿಂದಿರುಗುತ್ತಾರೆ. ಸ್ಪರ್ಧೆಯನ್ನು ನಾನು ಹಳಿಯುತ್ತಿಲ್ಲ. ಹಳ್ಳಿಯ ಶಾಲೆಯ ಕಂಠವೊಂದನ್ನು ಜಿಲ್ಲೆಯ ಕಿವಿಗೆ ಮುಟ್ಟಿಸಿದ ಉಪಕಾರ ಅದಕ್ಕೆ ಸಲ್ಲತಕ್ಕದ್ದೇ. ಆದರೆ ತಪ್ಪಿದರೆ ಅಂಕ ಹೋಯಿತೆಂಬ ಭೀತಿಯಿರುವ ಕಡೆ, ತಪ್ಪಿದ ಮೇಲೂ ಚೇತರಿಸಿಕೊಂಡು ತಾಳಕ್ಕೆ ಮರಳುವ ವಿದ್ಯೆ ಬರುವುದೆಂತು? ಜೂನಿಯರ್, ಸೀನಿಯರ್ ಪರೀಕ್ಷೆಗಳ ಮಾತೂ ಅಷ್ಟೆ. ಅಲ್ಲಿ ಕೇಳುವವರು ಪರೀಕ್ಷಕರೇ ಹೊರತು ರಸಿಕರಲ್ಲ.

ಹಿಂದಿನ ಗುರುಗಳು ಈ ಮರ್ಮವನ್ನು ಬಲ್ಲವರಾಗಿದ್ದರು. ಗದುಗಿನ ಪಂಚಾಕ್ಷರ ಗವಾಯಿಗಳು, ತಾವೇ ಅಂಧರಾಗಿದ್ದೂ, ಅಂಧರೂ ಅನಾಥರೂ ಆದ ಬಾಲಕರನ್ನು ಕೂಡಿಕೊಂಡು ಊರೂರು ಸಂಚರಿಸುತ್ತ ವಿದ್ಯಾದಾನ ಮಾಡಿದ ಪುಣ್ಯಜೀವಿಗಳು. 1936ರಲ್ಲಿ ವಿಜಯನಗರ ಸಾಮ್ರಾಜ್ಯ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವವು ಹಂಪಿಯಲ್ಲಿ ನಡೆದಾಗ, ಇನ್ನೂ ಇಪ್ಪತ್ತು ತುಂಬದ ಅವರ ಶಿಷ್ಯ ಬಸವರಾಜ ರಾಜಗುರು ತನ್ನ ಪ್ರಥಮ ಕಚೇರಿಗೆ ಕುಳಿತರೆ, ತಬಲಾ ಸಾಥಿಗೆ ಕುಳಿತವರು ಸ್ವತಃ ಗುರುಗಳೇ. ಅಂಥ ಮಹಾಸಭೆಯ ನಡುವೆ ತನ್ನ ಗತಿಯನ್ನು ಬಲ್ಲ ಕೈಯೊಂದು ಪಕ್ಕದಲ್ಲಿಯೇ ಇರುವುದು ತರುಣ ಗಾಯಕನಿಗೆ ಎಷ್ಟು ದೊಡ್ಡ ಬಲವೆಂಬುದನ್ನು ಹಾಡಿ ಬಲ್ಲವರು ಊಹಿಸಿಕೊಳ್ಳಬಹುದು.

ಆ ಬಲವನ್ನು ಶಾಲೆಯೂ ಒದಗಿಸಬಲ್ಲದು. ಶನಿವಾರದ ಬೆಳಗಿನ ತರಗತಿಗಳು ಮುಗಿದ ಮೇಲೆ ಬೆಂಚುಗಳನ್ನು ಗೋಡೆಗೆ ಸರಿಸಿ, ಜಮಖಾನ ಹಾಸಿ, ಸಹಪಾಠಿಗಳೂ ನಾಲ್ಕಾರು ತಾಯ್ತಂದೆಯರೂ ಬಿಸಿಯೂಟದ ಅಡುಗೆಯವರೂ ಕುಳಿತರೆ ಸಭೆಯಾಯಿತು. ಗೀತೆಯಾಗಲಿ, ದೇವರನಾಮವಾಗಲಿ, ಭಾವಗೀತೆಯಾಗಲಿ, ಮಗುವಿಗೆ ಬಂದದ್ದನ್ನು ಹಾಡಲಿ. ಸಾಲು ಮರೆತರೆ ಮೇಷ್ಟರು ಮೆಲುದನಿಯಲ್ಲಿ ಎತ್ತಿಕೊಡಲಿ. ಧ್ವನಿ ಒಡೆಯುವ ವಯಸ್ಸಿನ ಹುಡುಗನು ತಾರಷಡ್ಜದಲ್ಲಿ ಗಂಟಲು ಸೀಳಿ ತಲೆತಗ್ಗಿಸಿದಾಗ, ಶ್ರುತಿಪೆಟ್ಟಿಗೆಯ ಗುಂಡಿ ತಿರುಗಿಸಿ ಶ್ರುತಿಯನ್ನು ಕೆಳಗಿಳಿಸಿ, 'ಇಲ್ಲಿಂದ ಹಾಡಪ್ಪ, ಈ ವಯಸ್ಸಿಗೆ ಹೀಗಾಗುವುದೇ' ಎಂದು ಹೇಳಲು ಅಲ್ಲಿ ಅವಕಾಶವುಂಟು. ಸ್ಪರ್ಧೆಯ ವೇದಿಕೆಯಲ್ಲಿ ಈ ಮಾತಿಗೆ ಎಡೆಯೆಲ್ಲಿ? ಹೀಗೆ ತಿಂಗಳು ತಿಂಗಳೂ ಹಾಡಿದ ಮಗುವಿಗೆ ಎದುರಿಗೆ ಕುಳಿತವರು ಅಪರಿಚಿತರಾಗಿ ಉಳಿಯುವುದಿಲ್ಲ, ಮುಂದೊಂದು ದಿನ ದೊಡ್ಡ ಸಭೆಯೂ ಅಷ್ಟೊಂದು ದೊಡ್ಡದಾಗಿ ತೋರುವುದಿಲ್ಲ.

ಸಂಗೀತದ ಅಧ್ಯಾಪಕರೇ ಇಲ್ಲದ ಶಾಲೆಗಳು ನಮ್ಮಲ್ಲಿ ಬಹಳವೆಂಬುದು ನಿಜ. ಆದರೆ ಗಮಕದಲ್ಲಿ ಪದ್ಯ ಓದುವ ಕನ್ನಡ ಪಂಡಿತರೋ, ಊರ ಭಜನೆಮೇಳದ ಹಾರ್ಮೋನಿಯಂ ನುಡಿಸುವ ಹಿರಿಯರೋ ಇಲ್ಲದ ಊರು ವಿರಳ. ಕರೆದರೆ ಅವರು ಬಂದಾರು. ಮುಖ್ಯೋಪಾಧ್ಯಾಯರಲ್ಲಿ ನನ್ನ ವಿನಂತಿಯಿಷ್ಟೆ: ತಿಂಗಳಿಗೊಂದು ಶನಿವಾರ ಒಂದು ಗಂಟೆಯನ್ನು ಈ ಹಾಡುಗಾರಿಕೆಗೆ ಬಿಟ್ಟುಕೊಡಿ, ಊರವರನ್ನು ಯಥೇಚ್ಛವಾಗಿ ಕರೆಯಿರಿ, ತೀರ್ಪುಗಾರರನ್ನು ಮಾತ್ರ ಕರೆಯಬೇಡಿ.