‘ಜೋಳದ ಕವರ್’ ಎಲ್ಲಿ ಬಿಸಾಡಿದರೂ ಕರಗುತ್ತದೆಯೇ?

“ಇದು ಪ್ಲಾಸ್ಟಿಕ್ ಅಲ್ಲ, ಜೋಳದಿಂದ ಮಾಡಿದ ಕವರ್. ಎಲ್ಲಿ ಬಿಸಾಡಿದರೂ ಮಣ್ಣಲ್ಲಿ ಕರಗುತ್ತದೆ” ಎನ್ನುವಂಥ ಸಂದೇಶಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಓಡಾಡುತ್ತವೆ. ಇದರಲ್ಲಿ ಅರ್ಧ ನಿಜವಿದೆ. ತೊಂದರೆ ಇರುವುದು ಉಳಿದರ್ಧದಲ್ಲಿ.

ಮೆಕ್ಕೆಜೋಳ ಅಥವಾ ಕಬ್ಬಿನ ಸಕ್ಕರೆಯನ್ನು (ನಮ್ಮ ರೊಟ್ಟಿಯ ಬಿಳಿಜೋಳವನ್ನಲ್ಲ) ಹುದುಗಿಸಿದರೆ ಲ್ಯಾಕ್ಟಿಕ್ ಆಮ್ಲ ಸಿಗುತ್ತದೆ. ಮೊಸರು ಹುಳಿಯಾಗುವುದೂ ಇದರಿಂದಲೇ. ಅದರ ಅಣುಗಳನ್ನು ಸರಪಳಿಯಂತೆ ಜೋಡಿಸಿದರೆ ಪಿಎಲ್‌ಎ ತಯಾರು. ಸಸ್ಯದಿಂದ ಬಂದರೂ ಅದು ಪ್ಲಾಸ್ಟಿಕ್ಕೇ. ಅದು ಗೊಬ್ಬರವಾಗಲು ಸುಮಾರು 58 ಡಿಗ್ರಿ ಬಿಸಿ, ತೇವ, ಸೂಕ್ಷ್ಮಜೀವಿಗಳು ಮೂರೂ ವಾರಗಟ್ಟಲೆ ಒಟ್ಟಿಗೆ ಸಿಗಬೇಕು. ಕಲಬುರಗಿಯ ಮೇ ತಿಂಗಳ 42–43 ಡಿಗ್ರಿ ಬಿಸಿಲೂ ಇದಕ್ಕೆ ಸಾಲದು. ಚರಂಡಿಗೆ ಬಿದ್ದರೆ ವರ್ಷಗಟ್ಟಲೆ ಹಾಗೇ ಬಿದ್ದಿರಬಲ್ಲದು. ಉಳಿದ ಅನ್ನದ ಜೊತೆ ಅದನ್ನೂ ನುಂಗುವ ಬೀದಿ ದನದ ಹೊಟ್ಟೆಯೊಳಗೆ ಇರುವುದು 39 ಡಿಗ್ರಿ ಆಸುಪಾಸಿನ ಬಿಸಿ ಮಾತ್ರ, ಅಲ್ಲೂ ಅದು ಬೇಗ ಕರಗದು. ಹಾಗಾಗಿ “ಎಲ್ಲಿ ಬೇಕಾದರೂ ಬಿಸಾಡಿ” ಎಂಬ ಮಾತನ್ನು ನಾವು ಅಪಾಯಕಾರಿ ಎಂದೇ ಪರಿಗಣಿಸುತ್ತೇವೆ.

ಇಂಥ ಕವರ್ ಕೊಳ್ಳುವಾಗ ‘ಕಾಂಪೋಸ್ಟೆಬಲ್’ ಎಂಬ ಗುರುತು, ಐಎಸ್ 17088 ಎಂಬ ಮಾನದಂಡ ಇದೆಯೇ ನೋಡಿ. ಬರೀ ಹಸಿರು ಬಣ್ಣ, ಎಲೆಯ ಚಿತ್ರ ಇದ್ದರೆ ಏನೂ ಸಾಬೀತಾಗುವುದಿಲ್ಲ.

ಪ್ರಾಣಿಮೂಲದವೂ ಇವೆ. ಸಿಗಡಿ, ಏಡಿಯ ಚಿಪ್ಪಿನಿಂದ ಕೈಟೋಸಾನ್, ಹಾಲಿನಿಂದ ಕೇಸಿನ್, ಮೂಳೆ-ಚರ್ಮದಿಂದ ಜೆಲಾಟಿನ್, ಕೀಟದಿಂದ ಅರಗು. ಸೇಬಿನ ಮೇಲೆ “ಪ್ಲಾಸ್ಟಿಕ್ ಮೇಣ” ಎಂದು ಕೆರೆದು ತೋರಿಸುವ ವಿಡಿಯೊ ನೆನಪಿದೆಯೇ? ಹಣ್ಣಿಗೆ ಜೇನುಮೇಣ, ಕಾರ್ನೌಬಾ ಎಂಬ ತಾಳೆಜಾತಿಯ ಮರದ ಎಲೆಯ ಮೇಣ, ಅರಗು ಬಳಿಯಲು ಆಹಾರ ಸುರಕ್ಷತಾ ನಿಯಮದಲ್ಲೇ ಅವಕಾಶವಿದೆ. ಕೈಟೋಸಾನ್ ತೆಳುವಾಗಿ ಬಳಿದರೆ ಬಾಳೆಕಾಯಿ ಹಣ್ಣಾಗುವುದು ನಿಧಾನವಾಗುತ್ತದೆ. ದೂರದ ಮಾರುಕಟ್ಟೆಗೆ ಗೊನೆ ಕಳಿಸುವ ರೈತರಿಗೆ ಇದು ಸಣ್ಣ ವಿಷಯವಲ್ಲ. ಸಿಗಡಿ ಎಂದರೆ ಒಲ್ಲೆನ್ನುವ ಸಸ್ಯಾಹಾರಿಗಳಿಗಾಗಿ ಶಿಲೀಂಧ್ರದಿಂದಲೂ ಕೈಟೋಸಾನ್ ತೆಗೆಯಬಹುದು.

ರೈತರ ಮಾತು ಬಂದಿದ್ದರಿಂದ ಕಮಲಾಪುರಕ್ಕೆ ಬರೋಣ. ಕಲಬುರಗಿಯಿಂದ ಹುಮನಾಬಾದ್ ಕಡೆ ಹೋಗುವಾಗ ಸಿಗುವ ಈ ಊರಿನ ಕೆಂಪು ಬಾಳೆಗೆ ಜಿಐ ಮಾನ್ಯತೆ ಇದೆ. ಬಾಳೆಯ ಒಂದು ದಿಂಡು ಕೊಡುವುದು ಒಂದೇ ಗೊನೆ. ಗೊನೆ ಇಳಿಸಿದ ಮೇಲೆ ದಿಂಡನ್ನು ಕಡಿಯಲೇಬೇಕು. ಅದರ ಪಟ್ಟೆಯನ್ನು ಒಣಗಿಸಿ ಬಿಸಿ ಅಚ್ಚಿನಲ್ಲಿ ಒತ್ತಿದರೆ ತಟ್ಟೆ, ದೊನ್ನೆ ಆಗುತ್ತವೆ. ಎಲೆಯಂತೂ ಇದ್ದೇ ಇದೆ. ಇವಕ್ಕೆ ಯಾವ ಯಂತ್ರದ ಬಿಸಿಯೂ ಬೇಡ, ಮನೆಯ ತಿಪ್ಪೆಯಲ್ಲೇ ಗೊಬ್ಬರವಾಗುತ್ತವೆ.

ಎಲೆಗೆ ಮಿತಿಯೂ ಇದೆ. ಬಿಸಿ ಸಾರನ್ನು ಅದರಲ್ಲಿ ಕಟ್ಟಿಕೊಂಡು ಹೋಗಲಾಗದು, ಅದಕ್ಕೆ ಸ್ಟೀಲ್ ಡಬ್ಬಿಯೇ ಸರಿ. ಆದರೆ ಸುಸಲಾ, ಮಿರ್ಚಿ ಕಟ್ಟಲು ಎಲೆ ಧಾರಾಳ ಸಾಕು, ಹಳೆ ಪೇಪರಿಗಿಂತ ಎಷ್ಟೋ ವಾಸಿ. ಪೇಪರಿನ ಶಾಯಿ ತಿಂಡಿಗೆ ಇಳಿಯುತ್ತದೆ ಎಂದು ಆಹಾರ ಸುರಕ್ಷತಾ ಪ್ರಾಧಿಕಾರವೇ (ಎಫ್‌ಎಸ್‌ಎಸ್‌ಎಐ) ಎಚ್ಚರಿಸಿದೆ.

ಅಂಗಡಿಯಲ್ಲಿ ‘ಎಲೆ ತಟ್ಟೆ’ ಕೊಂಡರೆ ಅಂಚನ್ನು ಸ್ವಲ್ಪ ಹರಿದು ನೋಡಿ. ಸಾರು ಸೋರದಿರಲೆಂದು ಕೆಲವಕ್ಕೆ ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಹಾಗೆ ಪದರ ಎದ್ದು ಬಂದರೆ ಅದನ್ನು ತಿಪ್ಪೆಗೆ ಹಾಕಬೇಡಿ, ದನದ ಮುಂದೆಯೂ ಇಡಬೇಡಿ.