‘ನಷ್ಟನೀಡ’ದಿಂದ ‘ಚಾರುಲತಾ’ದವರೆಗೆ

ಪ್ರಸಿದ್ಧ ಕೃತಿಯೊಂದು ಚಲಚ್ಚಿತ್ರವಾಗಿ ಬಂದೊಡನೆ ಓದುಗರ ಬಾಯಿಂದ ಹೊರಡುವ ಮೊದಲ ಮಾತು, ‘ಮೂಲದಲ್ಲಿದ್ದಂತೆ ಇಲ್ಲ’ ಎಂಬುದು. ‘ಸಂಸ್ಕಾರ’ (1970), ‘ಘಟಶ್ರಾದ್ಧ’ (1977) ಮೊದಲಾದ ನಮ್ಮ ಚಿತ್ರಗಳ ಪ್ರಸ್ತಾಪ ಬಂದಾಗ ತರಗತಿಯ ಹಿಂದಿನ ಸಾಲಿನಿಂದ ಇಂದಿಗೂ ಕೇಳಿಬರುವುದು ಇದೇ ಮಾತು. ಕೃತಿಯನ್ನು ಪ್ರೀತಿಯಿಂದ ಓದಿದವನಿಗಲ್ಲದೆ ಈ ದೂರು ಹೇಳಲು ಬಾರದು. ಆದುದರಿಂದ ಇದರ ಬಗ್ಗೆ ನಮಗೆ ಗೌರವವೇ ಉಂಟು. ಆದರೆ ದೂರನ್ನೇ ತೀರ್ಪೆಂದು ಭಾವಿಸಿ ಅಲ್ಲಿಗೇ ವಿಮರ್ಶೆಯನ್ನು ನಿಲ್ಲಿಸುವುದು ನಮಗೆ ಒಪ್ಪಿಗೆಯಿಲ್ಲ.

ಕನ್ನಡಿಗರಿಗಂತೂ ಈ ವಾದ ಒಪ್ಪುವಂಥದ್ದಲ್ಲ. ನಮ್ಮ ಆದಿಕವಿ ಪಂಪನು 941ರಲ್ಲಿ ವ್ಯಾಸಭಾರತವನ್ನು ‘ವಿಕ್ರಮಾರ್ಜುನವಿಜಯ’ವಾಗಿಸಿದಾಗ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮಡದಿಯನ್ನಾಗಿ ಮಾಡಿದನು. ಇದಕ್ಕಿಂತ ದೊಡ್ಡ ಬದಲಾವಣೆಯನ್ನು ಯಾವ ಚಿತ್ರನಿರ್ದೇಶಕನು ತಾನೇ ಮಾಡಿದ್ದಾನೆ? ಆ ಮಾರ್ಪಾಡು ಕಾವ್ಯಕ್ಕೆ ತಂದಿಟ್ಟ ತೊಡಕುಗಳನ್ನು ವಿದ್ವಾಂಸರು ಎತ್ತಿ ತೋರಿಸಿರುವುದು ನಿಜ. ಆದರೆ ಮೂಲವನ್ನು ಬಿಟ್ಟನೆಂಬ ಒಂದೇ ಕಾರಣಕ್ಕೆ ಪಂಪನನ್ನು ಯಾರೂ ತಳ್ಳಿಹಾಕಲಿಲ್ಲ. ಆಲಂಕಾರಿಕ ಕುಂತಕನು ಇಂಥ ಮಾರ್ಪಾಡನ್ನು ‘ಪ್ರಕರಣವಕ್ರತೆ’ಯ ಪ್ರಭೇದವಾಗಿ ಎಣಿಸಿ, ಅದಕ್ಕೆ ಶಾಕುಂತಲದ ದುರ್ವಾಸಶಾಪವನ್ನು ಉದಾಹರಿಸುತ್ತಾನೆ. ಶಾಪ ಮಹಾಭಾರತದಲ್ಲಿಲ್ಲ. ಅಲ್ಲಿನ ದುಷ್ಯಂತ ಎಲ್ಲವನ್ನೂ ಬಲ್ಲವನಾಗಿಯೇ ಶಕುಂತಲೆಯನ್ನು ಅಲ್ಲಗಳೆಯುತ್ತಾನೆ. ಅಂಥ ನಾಯಕನಿಂದ ತನ್ನ ನಾಟಕದ ರಸ ಕೆಡುವುದನ್ನು ಕಂಡು ಕಾಳಿದಾಸನು ಶಾಪವನ್ನು ಕಲ್ಪಿಸಿದನು. ಬದಲಾಯಿಸಿದನೇ ಎಂದಲ್ಲ, ಬದಲಾಯಿಸಿದ್ದರಿಂದ ರಸಕ್ಕೆ ಏನಾಯಿತು ಎಂದು ಕೇಳಬೇಕು. ಈ ಹಳೆಯ ಅಳತೆಗೋಲನ್ನೇ ಹಿಡಿದು ಸತ್ಯಜಿತ್ ರಾಯ್ ಅವರ ‘ಚಾರುಲತಾ’ ಚಿತ್ರವನ್ನು ನೋಡುವುದು ಇಲ್ಲಿ ನಮ್ಮ ಉದ್ದೇಶ.

ರವೀಂದ್ರನಾಥ ಠಾಕೂರರ ‘ನಷ್ಟನೀಡ’ 1901ರ ನೀಳ್ಗತೆ, ಚಿತ್ರ 1964ರದು. ಕಲ್ಕತ್ತೆಯ ಸಿರಿವಂತ ಭೂಪತಿ ತನ್ನ ಇಂಗ್ಲಿಷ್ ಪತ್ರಿಕೆಯಲ್ಲಿ ಮುಳುಗಿದ್ದಾನೆ. ಹೆಂಡತಿ ಚಾರುವಿಗೆ ಮಾಡಲು ಕೆಲಸವಿಲ್ಲ, ಮಾತಿಗೆ ಜೊತೆಯಿಲ್ಲ. ಭೂಪತಿಯ ಸೋದರತ್ತೆಯ ಮಗ ಅಮಲನೊಡನೆ ಸಾಹಿತ್ಯದ ಹರಟೆಯಲ್ಲಿ ಮೊಳೆತ ಸಲಿಗೆ, ಅವಳಿಗೇ ಅರಿವಿಲ್ಲದಂತೆ ಒಲವಾಗಿ ಬೆಳೆದು ಗೂಡನ್ನು ಕೆಡಿಸುತ್ತದೆ. ಚಿತ್ರ ತೆರೆಕಂಡಾಗ ಬಂಗಾಳದಲ್ಲಿ ‘ಮೂಲದಲ್ಲಿದ್ದಂತೆ ಇಲ್ಲ’ ಎಂಬ ಆಕ್ಷೇಪ ಎದ್ದಿತು. ರಾಯ್ ಅವರು ಬಂಗಾಳಿ ಪತ್ರಿಕೆಯೊಂದರಲ್ಲಿ ತಾವೇ ಪ್ರಬಂಧ ಬರೆದು, ಮಾಡಿದ ಬದಲಾವಣೆಗಳನ್ನು ಸಮರ್ಥಿಸಿಕೊಂಡರು. ಅವರೇನೂ ಸಾಹಿತ್ಯಕ್ಕೆ ಹೊರಗಿನವರಲ್ಲ. ಶಾಂತಿನಿಕೇತನದಲ್ಲಿ ನಂದಲಾಲ ಬಸು ಅವರ ಬಳಿ ಚಿತ್ರಕಲೆ ಕಲಿತು, ಪುಸ್ತಕಗಳಿಗೆ ಚಿತ್ರ ಬರೆದು, ಆಮೇಲೆ ಕ್ಯಾಮೆರಾದತ್ತ ತಿರುಗಿದವರು. ಚಿತ್ರದ ಹಸ್ತಪ್ರತಿಯಲ್ಲಿ ಮಾತಿನ ಪಕ್ಕಕ್ಕೆ ರೇಖಾಚಿತ್ರಗಳನ್ನು ಬರೆದುಕೊಳ್ಳುವುದು ಅವರ ಅಭ್ಯಾಸವಾಗಿತ್ತು.

ಮೊದಲ ಏಳು ನಿಮಿಷಗಳನ್ನೇ ನೋಡಿ. ತನ್ನ ಮನೆಯೊಳಗೆ ಬಾಲಿಕೆಯಾಗಿದ್ದ ಹೆಂಡತಿ ಯಾವಾಗ ತರುಣಿಯಾದಳೆಂಬ ವಾರ್ತೆ ಪತ್ರಿಕಾ ಸಂಪಾದಕನಿಗೇ ತಲಪಲಿಲ್ಲವೆಂಬುದನ್ನು ರವೀಂದ್ರರು ತಮ್ಮ ನಿರೂಪಣೆಯಲ್ಲಿ ತಿಳಿನಗೆಯೊಡನೆ ಸೂಚಿಸುತ್ತಾರೆ. ಆ ನಗೆ ಕಥೆಗಾರನ ಧ್ವನಿಯಲ್ಲಿರುವಂಥದು, ಪಾತ್ರಗಳ ಮಾತಿನಲ್ಲಿಲ್ಲ. ಹಿನ್ನೆಲೆಯಿಂದ ಯಾರದೋ ಕಂಠದಲ್ಲಿ ಅದನ್ನು ಓದಿಸಿಬಿಡಬಹುದಾಗಿತ್ತು. ಸಾಧಾರಣ ನಿರ್ದೇಶಕರು ಹಾಗೆಯೇ ಮಾಡುತ್ತಾರೆ. ರಾಯ್ ಅವರ ಚಿತ್ರದಲ್ಲಿ ಚಾರು ಕರವಸ್ತ್ರದ ಮೂಲೆಯಲ್ಲಿ ಗಂಡನ ಹೆಸರಿನ ಮೊದಲಕ್ಷರವನ್ನು ಕಸೂತಿ ಮಾಡುತ್ತಿದ್ದಾಳೆ. ಗಡಿಯಾರ ಹೊಡೆಯುತ್ತದೆ, ಯಜಮಾನರಿಗೆ ಚಹಾ ಕೊಡುವಂತೆ ಆಳಿಗೆ ಹೇಳುತ್ತಾಳೆ. ಪುಸ್ತಕವೊಂದನ್ನು ಹುಡುಕುತ್ತಾಳೆ. ಬೀದಿಯಲ್ಲಿ ಕೋತಿಯಾಡಿಸುವವನ ಸದ್ದು ಕೇಳಿ, ಹಿಡಿಯುಳ್ಳ ಪುಟ್ಟ ದುರ್ಬೀನನ್ನು ತಂದು, ಕಿಟಕಿಯಿಂದ ಕಿಟಕಿಗೆ ಓಡುತ್ತ ಪಲ್ಲಕ್ಕಿಯನ್ನೂ ಕೊಡೆ ಹಿಡಿದ ದಪ್ಪ ಮನುಷ್ಯನನ್ನೂ ನೋಡುತ್ತಾಳೆ. ಅಷ್ಟರಲ್ಲಿ ಭೂಪತಿ ಪುಸ್ತಕದಲ್ಲಿ ಮುಖವಿಟ್ಟುಕೊಂಡು ಪಕ್ಕದಲ್ಲೇ ಹಾದುಹೋಗುತ್ತಾನೆ. ಅವಳು ನಿಂತಿರುವುದು ಅವನಿಗೆ ಕಾಣಿಸಿಯೇ ಇಲ್ಲ. ದೂರವಾಗುತ್ತಿರುವ ಆ ಬೆನ್ನಿನ ಕಡೆಗೂ ಚಾರು ದುರ್ಬೀನನ್ನು ಎತ್ತುತ್ತಾಳೆ. ಕೈ ಕೆಳಗಿಳಿಯುವಾಗ ಕ್ಯಾಮೆರಾ ಅವಳಿಂದ ಥಟ್ಟನೆ ಹಿಂದೆ ಸರಿಯುತ್ತದೆ. ಮಾತು ಇಲ್ಲವೆನ್ನುವಷ್ಟು ಕಡಮೆ. ಬೀದಿಯ ಅಪರಿಚಿತನನ್ನು ನೋಡುವ ಸಾಧನದಿಂದಲೇ ಗಂಡನನ್ನೂ ನೋಡಬೇಕಾದ ಹೆಂಡತಿ! ದುರ್ಬೀನು ಕಥೆಯಲ್ಲಿಲ್ಲ, ರವೀಂದ್ರರ ನಗೆಯ ಇರಿತ ಮಾತ್ರ ಇದ್ದಂತೆಯೇ ಇದೆ.

ಚಾರು ಲೇಖಕಿಯಾಗುವ ಭಾಗವೂ ಹೀಗೆಯೇ. ಕಥೆಯಲ್ಲಿ ಅವಳು ಮೊದಲು ಅಮಲನ ಶೈಲಿಯನ್ನು ಅನುಕರಿಸಿ, ಅದನ್ನು ಬಿಟ್ಟು ತನ್ನ ಹಳ್ಳಿಯ ಕಾಳಿಯ ಗುಡಿಯ ಬಗ್ಗೆ ಬರೆಯುತ್ತಾಳೆ. ಬರೆಯುವವರನ್ನು ತೆರೆಯ ಮೇಲೆ ತೋರಿಸುವುದೆಂದರೆ ಲೇಖನಿ ಕಚ್ಚಿಕೊಂಡು ಸೂರು ನೋಡುವ ಮುಖವನ್ನು ತೋರಿಸುವುದೆಂದೇ ನಮ್ಮ ಚಿತ್ರಗಳ ನಂಬಿಕೆ. ರಾಯ್ ಅವರು ನಟಿ ಮಾಧವಿ ಮುಖರ್ಜಿಯವರ ಕಣ್ಣುಗಳ ಮೇಲೆ ಹಳ್ಳಿಯ ದೋಣಿ, ಜಾತ್ರೆ, ಬಾಣಬಿರುಸುಗಳನ್ನು ಹಾಯಿಸುತ್ತಾರೆ. ಛಾಯಾಗ್ರಾಹಕ ಸುಬ್ರತ ಮಿತ್ರರ ಮೃದುವಾದ ಬೆಳಕು ಆ ಮುಖದ ಮೇಲೆ ಬೀಳುವ ರೀತಿಯನ್ನು ಬರೆದು ತಿಳಿಸಲಾಗದು. ತೋಟದ ಉಯ್ಯಾಲೆಯ ದೃಶ್ಯದಲ್ಲಿ ಮಗುವನ್ನೆತ್ತಿಕೊಂಡ ತಾಯಿಯ ಮೇಲೆ ಹಾದುಹೋದ ಚಾರುವಿನ ದುರ್ಬೀನು, ಮರದ ನೆರಳಲ್ಲಿ ಬರೆಯುತ್ತ ಮಲಗಿದ ಅಮಲನ ಮೇಲೆ ಬಂದು ನಿಲ್ಲುತ್ತದೆ. ತನ್ನ ಮನಸ್ಸು ಅವಳಿಗೇ ತಿಳಿಯುವ ಕ್ಷಣ ಅದು, ಮುಖ ಬಾಡುತ್ತದೆ.

ಬಿಟ್ಟದ್ದರ ಲೆಕ್ಕವನ್ನೂ ನೋಡಬೇಕಲ್ಲ! ಕಥೆಯಲ್ಲಿ ಅಮಲನು ಮದುವೆಯಾಗಿ ವಿಲಾಯತಿಗೆ ಹೋಗುತ್ತಾನೆ. ಅವನ ಸುದ್ದಿಗಾಗಿ ಚಾರು ಒಡವೆಯನ್ನು ಒತ್ತೆಯಿಟ್ಟು ಗುಟ್ಟಾಗಿ ತಂತಿ ಕಳುಹಿಸುತ್ತಾಳೆ. ಉತ್ತರ ಭೂಪತಿಯ ಕೈಗೆ ಸಿಕ್ಕಿ ಗುಟ್ಟು ಬಯಲಾಗುತ್ತದೆ. ರಾಯ್ ಅವರು ಒಡವೆ, ತಂತಿ ಎರಡನ್ನೂ ಕೈಬಿಟ್ಟರು. ಅಮಲನ ಕಾಗದವನ್ನು ಹಿಡಿದು ಚಾರು ಬಿಕ್ಕುತ್ತಿರುವುದನ್ನು ಹೊರಟುಹೋಗಿದ್ದ ಭೂಪತಿ ಮರಳಿ ಬಂದು ಕಾಣುತ್ತಾನೆ. ಹಾಗೆಯೇ ಹೊರಟು ಗಾಡಿಯಲ್ಲಿ ಗೊತ್ತುಗುರಿಯಿಲ್ಲದೆ ಅಲೆಯುವಾಗ ಕಣ್ಣೊರಸಿಕೊಳ್ಳಲು ಅವನ ಕೈಗೆ ಬರುವುದು ಮೊದಲ ದೃಶ್ಯದ ಅದೇ ಕರವಸ್ತ್ರ. ಒಂದು ಅಕ್ಷರದ ಕಸೂತಿ ಇಡೀ ಚಿತ್ರವನ್ನು ದಾಟಿ ಬಂದು ಇಲ್ಲಿ ಫಲಿಸುತ್ತದೆ. ಕುಂತಕನು ಇದ್ದಿದ್ದರೆ ಇಲ್ಲಿ ತಲೆದೂಗುತ್ತಿದ್ದನೆಂದು ನಾವು ಧೈರ್ಯವಾಗಿ ಹೇಳಬಲ್ಲೆವು.

ಕೊನೆಯ ಪ್ರಕರಣದಲ್ಲಿ ಮಾತ್ರ ಅಷ್ಟು ಧೈರ್ಯ ನಮಗಿಲ್ಲ. ಕಥೆಯ ಮುಕ್ತಾಯದಲ್ಲಿ ಭೂಪತಿ ಮನೆ ಬಿಟ್ಟು ಹೊರಟದ್ದು ಎಲ್ಲಿಗೆಂಬುದನ್ನು ಕನ್ನಡದ ವಾಚಕರು ಗಮನಿಸಬೇಕು. ಅವನು ಹೊರಟದ್ದು ಮೈಸೂರಿಗೆ, ಅಲ್ಲಿನ ಪತ್ರಿಕೆಯೊಂದರ ಸಂಪಾದಕನಾಗಿ! ಕಲ್ಕತ್ತೆಯ ಗೃಹಸ್ಥನಿಗೆ ಅಂದು ಮೈಸೂರೆಂದರೆ ಹಳೆಯ ಬಾಳಿನ ಸದ್ದು ಕೇಳಿಸದಷ್ಟು ದೂರ. ನಮಗೆ ದಿನನಿತ್ಯದ ಊರು ಅಲ್ಲಿ ಅಜ್ಞಾತವಾಸದ ಹೆಸರಾಗಿ ಬರುವುದನ್ನು ಓದುವಾಗ ಒಂದು ಬಗೆಯ ವಿಸ್ಮಯವಾಗುತ್ತದೆ. ಚಾರು ತನ್ನನ್ನೂ ಕರೆದೊಯ್ಯಲು ಬೇಡುತ್ತಾಳೆ. ಇನ್ನೊಬ್ಬನ ನೆನಪನ್ನು ಹೊತ್ತವಳನ್ನು ಜೀವಮಾನವಿಡೀ ಪಕ್ಕದಲ್ಲಿಟ್ಟುಕೊಳ್ಳುವುದು ಹೇಗೆಂದು ಅವನು ಹಿಂಜರಿಯುತ್ತಾನೆ. ಆಮೇಲೆ ಅವಳ ಮುಖ ಕಂಡು ಕರಗಿ, ಬಾ ಎನ್ನುತ್ತಾನೆ. ಆಗ ಬೇಡವೆನ್ನುವವಳು ಚಾರು. ಅವಳ ನಿರಾಕರಣೆ ತೀರ ಚಿಕ್ಕದು. ಕಥೆ ಅಲ್ಲಿಗೆ ಮುಗಿಯುತ್ತದೆ.

ಚಿತ್ರದಲ್ಲಿ ಮೈಸೂರೂ ಇಲ್ಲ, ಆ ನಿರಾಕರಣೆಯೂ ಇಲ್ಲ. ಗಾಡಿಯಿಂದಿಳಿದು ಬಾಗಿಲಲ್ಲಿ ನಿಂತ ಭೂಪತಿಯನ್ನು ಒಳಗೆ ಬರುವಂತೆ ಕರೆಯುವವಳು ಚಾರು. ಅನುಮಾನಿಸುತ್ತ ಕೈ ನೀಡುವವನು ಅವನು. ಎರಡು ಕೈಗಳೂ ಕೂಡುವ ಮುನ್ನವೇ ಚಿತ್ರ ನಿಶ್ಚಲವಾಗುತ್ತದೆ. ಅವನ ಮುಖ, ಅವಳ ಮುಖ, ದೀಪ ಹಿಡಿದು ನಿಂತ ಆಳು, ಒಂದಾದ ಮೇಲೊಂದರಂತೆ ಸ್ತಬ್ಧಚಿತ್ರಗಳು. ಕರೆಯುವವರು, ಹಿಂಜರಿಯುವವರು ಅದಲುಬದಲಾಗಿದ್ದಾರೆ. ದುರ್ಬೀನಿನ ದೂರದಿಂದ ಆರಂಭವಾದ ಚಿತ್ರ ಎರಡು ಗೇಣಿನ ದೂರದಲ್ಲಿ ನಿಂತುಬಿಡುವುದು ಆ ಚಿತ್ರದ ನಡೆಗೆ ತಕ್ಕುದೆಂಬುದನ್ನು ಒಪ್ಪುತ್ತೇವೆ. ಆದರೆ ಕಥೆಯುದ್ದಕ್ಕೂ ಯಾರೂ ಕೇಳಿಸಿಕೊಳ್ಳದ ಹೆಣ್ಣಿಗೆ ರವೀಂದ್ರರು ಕಡೆಗೆ ಕೊಟ್ಟದ್ದು ಆ ನಿರಾಕರಣೆ. ಅವಳು ತನ್ನ ಬಾಳಿನ ಬಗ್ಗೆ ತಾನೇ ಮಾಡಿದ ತೀರ್ಮಾನ ಅದೊಂದೇ. ಚಿತ್ರದ ಚಾರುವಿನ ಮೇಲೆ ಕನಿಕರ ಹುಟ್ಟುತ್ತದೆ. ಕಥೆಯ ಚಾರುವಿನ ಎದುರು ಓದುಗನೇ ತಲೆ ತಗ್ಗಿಸಬೇಕಾಗುತ್ತದೆ. ಈ ಒಂದು ಬದಲಾವಣೆಯನ್ನು ನಾವು ಎಷ್ಟು ಸಲ ನೋಡಿದರೂ ಮನಸ್ಸು ಪೂರ್ಣವಾಗಿ ಒಪ್ಪುತ್ತಿಲ್ಲ.

ರಾಯ್ ಅವರಿಗೂ ಮೂಲದ ಋಣದ ನೆನಪು ಇದ್ದಿತೆಂದು ತೋರುತ್ತದೆ. ಚಿತ್ರಕ್ಕೆ ತಾವಿಟ್ಟ ಹೆಸರು ‘ಚಾರುಲತಾ’. ಆದರೆ ಕೊನೆಯ ನಿಶ್ಚಲಚಿತ್ರದ ಮೇಲೆ ಬಂಗಾಳಿ ಲಿಪಿಯಲ್ಲಿ ಮೂಡುವ ಒಂದೇ ಪದ ‘ನಷ್ಟನೀಡ’.