ಕೆರೆಯ ದಡದ ಬಾಯಾರಿಕೆ

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೆ ಹೋದಾಗಲೆಲ್ಲ ನಮ್ಮ ಮನೆಯ ಗಂಡಸರು ಏರಿಯ ಮೇಲೆ ನಿಂತು ಶಾಂತವ್ವನ ಕಥೆ ಹೇಳುತ್ತಾರೆ. ಎರಡು ಗುಡ್ಡಗಳ ನಡುವೆ ನೀರು ನಿಲ್ಲಿಸಿದವಳು ಹೆಣ್ಣೆಂದು ಅವರಿಗೆ ಬಲು ಹೆಮ್ಮೆ. (ಹೆಸರಿಗೆ ಮುಜುಗರಪಟ್ಟವರು ಅದನ್ನು ಶಾಂತಿಸಾಗರ ಎನ್ನುತ್ತಾರೆ, ಇರಲಿ.) ಕಥೆ ಮುಗಿಸಿ ಅವರು ಸುತ್ತಾಡಲು ಹೊರಟರೆ ನಾವು ಬುತ್ತಿ ಬಿಚ್ಚಬೇಕು. ಚಿತ್ರಾನ್ನ, ಮೊಸರನ್ನ, ಎಲೆ, ಲೋಟ. ಅಡುಗೆಮನೆ ಕೆರೆಗೆ ಬಂದಿತಷ್ಟೆ. ಅದನ್ನೂ ಸಹಿಸಬಹುದು. ಆದರೆ ಚಿತ್ರದುರ್ಗಕ್ಕೆ ಕುಡಿಯುವ ನೀರು ಕೊಡುವ ಈ ಕೆರೆಯ ದಡದಲ್ಲಿ ನಾನು, ಅತ್ತೆ, ಓರಗಿತ್ತಿ ಬೆಳಗಿನಿಂದ ಒಂದು ಗುಟುಕು ನೀರು ಕುಡಿದಿರುವುದಿಲ್ಲ. ಏಕೆಂದು ನಿಮಗೆ ಗೊತ್ತು. ಗಂಡಸರಿಗೆ ಪ್ರತಿ ಮರವೂ ಮರೆ, ನಮಗೆ ಕತ್ತಲೆಯೊಂದೇ. ದೋಣಿವಿಹಾರ ಬೇಕೆಂದು ಅರ್ಜಿ ಬರೆಯುವ ಮಹನೀಯರು ಮೊದಲು ಹೆಂಗಸರಿಗೆ ಬಾಗಿಲು, ಚಿಲಕ, ನೀರು ಇರುವ ಒಂದು ಕೋಣೆ ಕೇಳಲಿ. ಕಳೆದ ಸಲ ಹಿಂತಿರುಗುವಾಗ ಬಸ್ಸಿನಲ್ಲಿ ಅತ್ತೆಗೆ ತಲೆಸುತ್ತು ಬಂತು. ಬುತ್ತಿಚೀಲದಲ್ಲಿ ನೀರಿನ ಬಾಟಲಿ ಮುಚ್ಚಳ ತೆಗೆಯದೆ ಹಾಗೇ ಇತ್ತು.